ಸಹಾಯ ಬೇಕು: ಸ್ತನ ತೆಗೆದ ದಿನವೇ ಮರುರಚನೆ, ನಮ್ಮ ಮಾಹಿತಿ ಹಾಳೆಯಲ್ಲಿ ಏನು ಬಿಟ್ಟುಹೋಗಿದೆ?

ಎಲ್ಲರಿಗೂ ನಮಸ್ಕಾರ. ಕ್ಯಾನ್ಸರ್‌ಗಾಗಿ ಸ್ತನ ತೆಗೆಯುವ ಆಪರೇಷನ್‌ನಲ್ಲೇ ಮರುರಚನೆಯನ್ನೂ (ಸ್ತನದ ಆಕಾರವನ್ನು ಮತ್ತೆ ಕಟ್ಟುವುದು) ಮಾಡಿಸಿಕೊಳ್ಳಬೇಕೇ ಎಂದು ಯೋಚಿಸುತ್ತಿರುವವರಿಗೆ ಕನ್ನಡದಲ್ಲಿ ಒಂದು ಹಾಳೆ ಬರೆಯುತ್ತಿದ್ದೇವೆ. ಅನುಕೂಲಗಳನ್ನು ಎಲ್ಲರೂ ಹೇಳುತ್ತಾರೆ. ತೊಂದರೆಗಳ ಭಾಗವನ್ನು ದಯವಿಟ್ಟು ನೋಡಿ ತಿದ್ದಿಕೊಡಿ.

ಎಲ್ಲಕ್ಕಿಂತ ದೊಡ್ಡ ಪ್ರಶ್ನೆ ರೇಡಿಯೇಷನ್. ಅದು ಬೇಕೋ ಬೇಡವೋ ಎಂಬುದು ಎಷ್ಟೋ ಸಲ ತೆಗೆದ ಗಂಟು ಮತ್ತು ಕಂಕುಳಿನ ಗ್ರಂಥಿಗಳ ಪರೀಕ್ಷೆಯ ವರದಿ ಬಂದ ಮೇಲೆಯೇ ಖಚಿತವಾಗುತ್ತದೆ. ಅಷ್ಟರಲ್ಲಿ ಇಂಪ್ಲಾಂಟ್ (ಸ್ತನದ ಆಕಾರಕ್ಕಾಗಿ ಇಡುವ ಸಿಲಿಕೋನ್ ಚೀಲ) ಒಳಗೆ ಕೂತಾಗಿರುತ್ತದೆ. ರೇಡಿಯೇಷನ್ ಕೊಟ್ಟರೆ ಅದರ ಸುತ್ತಲಿನ ಪೊರೆ ಬಿಗಿದು ಗಟ್ಟಿಯಾಗಿ ಆಕಾರ ಕೆಡಬಹುದು, ನೋವೂ ಬರಬಹುದು. ಹೊಟ್ಟೆಯ ಕೊಬ್ಬು, ಚರ್ಮದಿಂದ ಕಟ್ಟಿದ ಸ್ತನವೂ ಕುಗ್ಗಬಹುದು.

ಇನ್ನು ಚರ್ಮ. ಒಳಗಿನದೆಲ್ಲ ತೆಗೆದ ಮೇಲೆ ಉಳಿದ ತೆಳು ಚರ್ಮಕ್ಕೆ ರಕ್ತ ಸಾಲದೆ ಅಂಚು ಕಪ್ಪಾಗಿ ಸತ್ತುಹೋಗಬಹುದು. ಆಮೇಲೆ ಸೋಂಕು, ಕೆಲವೊಮ್ಮೆ ಇಂಪ್ಲಾಂಟ್ ತೆಗೆಯಲು ಮತ್ತೊಂದು ಆಪರೇಷನ್. ಧೂಮಪಾನ, ಹತೋಟಿ ತಪ್ಪಿದ ಸಕ್ಕರೆ ಕಾಯಿಲೆ, ಬೊಜ್ಜು ಇದ್ದವರಿಗೆ ಅಪಾಯ ಹೆಚ್ಚು. ಸಿಗರೇಟನ್ನು ಕನಿಷ್ಠ 4 ವಾರ ಮೊದಲೇ ಬಿಡಬೇಕು. ಗಾಯ ಮಾಯದಿದ್ದರೆ ಕೀಮೋ ಮುಂದೆ ಹೋಗುತ್ತದೆ. ಈ ಸಾಲನ್ನು ದಪ್ಪ ಅಕ್ಷರದಲ್ಲೇ ಹಾಕುತ್ತೇವೆ, ಏಕೆಂದರೆ ಮರುರಚನೆ ಕಾಯಬಹುದು, ಕೀಮೋ ಕಾಯುವಂಥದ್ದಲ್ಲ.

ಡ್ರೇನ್ (ಗಾಯದೊಳಗೆ ಸೇರುವ ದ್ರವವನ್ನು ಹೊರಹಾಕುವ ಕೊಳವೆ) ತೆಗೆಯಲು 24 ಗಂಟೆಯಲ್ಲಿ ಬರುವ ದ್ರವ 30 ಮಿ.ಲೀ.ಗಿಂತ ಕಡಿಮೆ ಇರಬೇಕು ಎಂಬ ಸಾಮಾನ್ಯ ಅಳತೆ ಬರೆದಿದ್ದೇವೆ.

ಸರ್ಜನ್‌ಗಳು, ನರ್ಸ್‌ಗಳು, ಫಿಸಿಯೋಥೆರಪಿಸ್ಟ್‌ಗಳು ತಿಳಿಸಿ: ಎಕ್ಸ್‌ಪ್ಯಾಂಡರ್ (ಚರ್ಮ ಹಿಗ್ಗಿಸಲು ಒಳಗಿಟ್ಟು ಸ್ವಲ್ಪ ಸ್ವಲ್ಪವಾಗಿ ತುಂಬಿಸುವ ತಾತ್ಕಾಲಿಕ ಚೀಲ) ಇದ್ದವರಿಗೆ ರೇಡಿಯೇಷನ್‌ಗೆ ಮೊದಲೇ ಪೂರ್ತಿ ತುಂಬಿಸುತ್ತೀರಾ? ಭುಜದ ವ್ಯಾಯಾಮ ಯಾವಾಗ ಶುರು?