ಟರ್ಬೈನ್ ಎಂಜಿನ್: ಥರ್ಮೋಕಪಲ್ ಸದಾ ಕಡಿಮೆ ಉಷ್ಣತೆ ತೋರಿಸುತ್ತಿದೆ, ಏಕೆ?

ಪ್ರಶ್ನೆ:
ಸಣ್ಣ ಟರ್ಬೈನ್ ಎಂಜಿನ್‌ನ ಹೊರಹರಿವಿನಲ್ಲಿ ಕೆ ಮಾದರಿಯ ಥರ್ಮೋಕಪಲ್ (ಎರಡು ಬೇರೆ ಲೋಹಗಳ ತಂತಿ ಬೆಸೆದ ಉಷ್ಣತಾಮಾಪಕ) ಇರಿಸಿದ್ದೇನೆ. ಇಂಧನದ ಹರಿವಿನಿಂದ ಲೆಕ್ಕ ಹಾಕಿದ ಉಷ್ಣತೆಗಿಂತ ಇದು ತೋರಿಸುವುದು ಯಾವಾಗಲೂ ಕಡಿಮೆ. ತಂತಿ ಬದಲಿಸಿದರೂ ಅದೇ ಕಥೆ. ಅನಿಲದ ವೇಗ ಸೆಕೆಂಡಿಗೆ ಸುಮಾರು 200 ಮೀಟರ್.

ಉತ್ತರ 1:
ತಂತಿಯನ್ನು ದೂರಬೇಡಿ. ಅದು ತನ್ನ ಉಷ್ಣತೆಯನ್ನಷ್ಟೇ ಹೇಳುತ್ತದೆ, ಅನಿಲದ್ದನ್ನಲ್ಲ. ಆ ವೇಗದ ಅನಿಲವನ್ನು ತಡೆದು ನಿಲ್ಲಿಸಿದರೆ ಚಲನೆಯ ಶಕ್ತಿ ಶಾಖವಾಗಿ ಸೇರಿಸುವ ಪಾಲೇ ಸುಮಾರು 17 ಡಿಗ್ರಿ. ಹರಿವಿಗೆ ಅಡ್ಡಲಾಗಿರುವ ಬರಿಯ ತಂತಿ ಅದರಲ್ಲಿ ಮೂರನೆಯ ಎರಡು ಭಾಗವನ್ನು ಮಾತ್ರ ಹಿಡಿಯುತ್ತದೆ. ಐದಾರು ಡಿಗ್ರಿ ಅಲ್ಲಿಯೇ ಹೋಯಿತು. ಅದಕ್ಕಿಂತ ದೊಡ್ಡ ಕಳ್ಳ ವಿಕಿರಣ: ಸುತ್ತಲಿನ ಗೋಡೆ ತಂಪಾಗಿದ್ದರೆ ತಂತಿಯ ತುದಿ ಅದರತ್ತ ಶಾಖ ಸುರಿಯುತ್ತಲೇ ಇರುತ್ತದೆ. ತುದಿಗೆ ಕವಚ ಹಾಕಿ, ಹಿಂಬದಿಯಲ್ಲಿ ಸಣ್ಣ ರಂಧ್ರಗಳನ್ನು ಕೊರೆಯಿರಿ. ಒಳಗೆ ಅನಿಲ ನಿಧಾನವಾಗುತ್ತದೆ, ಆದರೆ ನಿಂತುಬಿಡುವುದಿಲ್ಲ. ಪೂರ್ತಿ ನಿಂತರೆ ತಂತಿಗೆ ಶಾಖ ಸಾಲದು. ಇದನ್ನು ಎಷ್ಟು ಸಲ ಹೇಳಿದರೂ ಸಾಲದೆಂದು ನನಗೆ ಅನಿಸುತ್ತದೆ.

ಉತ್ತರ 2:
ಪ್ರೋಬ್ (ಥರ್ಮೋಕಪಲ್ ಹೊತ್ತ ಕಡ್ಡಿ) ಹರಿವಿನೊಳಗೆ ಎಷ್ಟು ಆಳಕ್ಕೆ ಹೋಗಿದೆ? ಗಿಡ್ಡವಾಗಿದ್ದರೆ ಕಾಂಡದ ಮೂಲಕವೂ ಶಾಖ ಗೋಡೆಗೆ ಸೋರುತ್ತದೆ.

ಪ್ರಶ್ನೆ ಕೇಳಿದವರು:
ಧನ್ಯವಾದ. ಅಲ್ಲಿಯೇ ಒಟ್ಟು ಒತ್ತಡವನ್ನೂ (ಹರಿವನ್ನು ತಡೆದು ನಿಲ್ಲಿಸಿದಾಗ ಸಿಗುವ ಒತ್ತಡ) ಅಳೆಯಬೇಕು. ಹರಿವು ಸುಳಿಯುತ್ತದೆ.

ಉತ್ತರ 1:
ಹಾಗಾದರೆ ಸಾಮಾನ್ಯ ಪಿಟೋ ನಳಿಕೆ (ಹರಿವಿಗೆ ಎದುರಾಗಿ ಬಾಯಿ ತೆರೆದ ಒತ್ತಡದ ನಳಿಕೆ) ಬೇಡ, ಹರಿವು ಓರೆಯಾಗಿ ಬಂದಷ್ಟೂ ಅದು ತಪ್ಪು ತೋರಿಸುತ್ತದೆ. ಬಾಯಿಯ ಸುತ್ತ ಕವಚವಿರುವ ಕೀಲ್ ಪ್ರೋಬ್ ಬಳಸಿ; ಹರಿವು ಸುಮಾರು 40 ಡಿಗ್ರಿ ಓರೆಯಾದರೂ ಸರಿಯಾಗಿ ಓದುತ್ತದೆ. ಸುಳಿಯ ದಿಕ್ಕೂ ಬೇಕೆಂದರೆ ಐದು ರಂಧ್ರಗಳ ಪ್ರೋಬ್ ಬೇಕು, ಆದರೆ ಅದನ್ನು ಮೊದಲು ಗಾಳಿ ಸುರಂಗದಲ್ಲಿ, ಗೊತ್ತಿರುವ ಹರಿವಿಗೆ ಹೋಲಿಸಿ, ಮಾಪನಾಂಕಗೊಳಿಸಬೇಕು. ಕಾಂಡ ಆದಷ್ಟು ತೆಳುವಾಗಿರಲಿ. ಕಿರಿದಾದ ಮಾರ್ಗದಲ್ಲಿ ದಪ್ಪ ಪ್ರೋಬ್ ಹರಿವನ್ನೇ ಬದಲಿಸಿಬಿಡುತ್ತದೆ.