ತಮ್ಮನ ಷೆಫ್ ಕೋರ್ಸಿಗೆ ಎಂಟೂವರೆ ಲಕ್ಷ ಹಾಕಬಹುದಾ?

ತಿಪಟೂರಿನಕ್ಕ:
ನನ್ನ ತಮ್ಮ ಈ ಸಲ ಪಿಯುಸಿ ಕಾಮರ್ಸ್ ಮುಗಿಸಿದ. ಬಿಕಾಂ ಬೇಡವಂತೆ, ಷೆಫ್ ಆಗಬೇಕಂತೆ. ಸುಮ್ನೆ ರೀಲ್ಸ್ ನೋಡಿ ಹೇಳುತ್ತಿಲ್ಲ. ಹಬ್ಬಕ್ಕೆ ಮನೆಯಲ್ಲಿ ಹೋಳಿಗೆ ತಟ್ಟುವುದು ಅವನೇ, ಅಮ್ಮನಿಗಿಂತ ತೆಳ್ಳಗೆ ತಟ್ಟುತ್ತಾನೆ (ಅಮ್ಮ ಇದನ್ನು ಓದುವುದಿಲ್ಲ ಬಿಡಿ). ಬೆಂಗಳೂರಿನ ಒಂದು ಖಾಸಗಿ ಕಾಲೇಜಲ್ಲಿ ಕೇಳಿದೆವು. ಮೂರು ವರ್ಷದ ಡಿಗ್ರಿ, ವರ್ಷಕ್ಕೆ 2 ಲಕ್ಷ ಫೀಸು. ಹಾಸ್ಟೆಲ್, ಯೂನಿಫಾರ್ಮ್, ಚಾಕು ಸೆಟ್ಟು ಎಲ್ಲ ಸೇರಿ 8.5 ಲಕ್ಷ ಆಗುತ್ತದೆ. 6 ಲಕ್ಷ ಸಾಲ ಮಾಡೋಣ, ಉಳಿದದ್ದಕ್ಕೆ ಅಟ್ಟದ ಮೇಲಿರುವ ಕೊಬ್ಬರಿ ಇಳಿಸಿ ಮಾರುತ್ತೇನೆ ಅಂತಾರೆ ಅಪ್ಪ.

ಅಡ್ಮಿಷನ್‌ನವರು ಫೋನಲ್ಲಿ ನೂರಕ್ಕೆ ನೂರು ಪ್ಲೇಸ್‌ಮೆಂಟ್ ಅಂದರು. ಸಂಬಳ ಎಷ್ಟು ಅಂತ ಕೇಳಿದರೆ "ಅದು ಹುಡುಗನ ಟ್ಯಾಲೆಂಟ್ ಮೇಲೆ ಮೇಡಂ" ಅಂದು ಹಾಸ್ಟೆಲ್ ವಿಷಯ ತೆಗೆದರು. ಈ ದುಡ್ಡು ವಾಪಸ್ ಬರುತ್ತದಾ, ಬಂದರೆ ಎಷ್ಟು ವರ್ಷಕ್ಕೆ? ನನಗೆ ಕೆಲಸ ಇದೆ, ಸಾಲ ನನ್ನ ಹೆಸರಲ್ಲಿ ತೆಗೆದರೆ ಟ್ಯಾಕ್ಸ್ ಉಳಿಯುತ್ತದಾ?

ಕಾಮಿಯಿಂದ_ಬಂದವನು:
ಅಕ್ಕಾ, ಟ್ಯಾಕ್ಸ್ ವಿಷಯ ಮೊದಲು ಮುಗಿಸುತ್ತೇನೆ. ಓದಿನ ಸಾಲಕ್ಕೆ ಟ್ಯಾಕ್ಸ್ ವಿನಾಯಿತಿ ಸಿಗುವುದು ನಿಮ್ಮ ಸ್ವಂತ ಓದಿಗೆ, ಗಂಡ ಅಥವಾ ಹೆಂಡತಿ ಓದಿಗೆ, ಮಕ್ಕಳ ಓದಿಗೆ, ಇಲ್ಲಾ ನೀವು ಕಾನೂನು ಪ್ರಕಾರ ಪೋಷಕರಾಗಿರುವ ವಿದ್ಯಾರ್ಥಿಗೆ. ತಮ್ಮನಿಗೆ ಸಿಗುವುದಿಲ್ಲ. ಅದೂ ಬಡ್ಡಿಗೆ ಮಾತ್ರ, ಹಳೇ ಟ್ಯಾಕ್ಸ್ ಪದ್ಧತಿಯಲ್ಲಿ ಮಾತ್ರ. ಆ ಆಸೆ ಬಿಟ್ಟುಬಿಡಿ.

ಈಗ ಸಾಲ. ತೀರಿಸಲು ಶುರು ಮಾಡುವ ಹೊತ್ತಿಗೆ ಅದು 6 ಲಕ್ಷ ಆಗಿ ಉಳಿದಿರುವುದಿಲ್ಲ. ಬ್ಯಾಂಕ್ ವರ್ಷಕ್ಕೆ 2 ಲಕ್ಷದಂತೆ ಕೊಡುತ್ತದೆ. ಕೋರ್ಸ್ ಮುಗಿದ ಮೇಲೂ ಒಂದು ವರ್ಷ ಕಂತು ಕಟ್ಟಬೇಕಿಲ್ಲ, ಆದರೆ ಬಡ್ಡಿ ಮೊದಲ ದಿನದಿಂದಲೇ ಓಡುತ್ತಿರುತ್ತದೆ. 11% ಅಂತ ಹಿಡಿದರೆ ನಾಲ್ಕು ವರ್ಷಕ್ಕೆ ಬರೀ ಸರಳ ಬಡ್ಡಿಯೇ 2 ಲಕ್ಷದ ಹತ್ತಿರ, ಅಲ್ಲಿಗೆ 8 ಲಕ್ಷ. ಏಳು ವರ್ಷದಲ್ಲಿ ತೀರಿಸುವುದಾದರೆ ತಿಂಗಳಿಗೆ ಸುಮಾರು 13,700, ಹತ್ತು ವರ್ಷ ಎಳೆದರೆ 11,000. ನಾನು 2012ರಲ್ಲಿ ಕಿಚನ್ ಸೇರಿದಾಗ ಕೈಗೆ ಬರುತ್ತಿದ್ದದ್ದು 9,000. ಈಗ ನಮ್ಮಲ್ಲಿಗೆ ಬರುವ ಹೊಸ ಹುಡುಗರಿಗೆ 16ರಿಂದ 20 ಸಾವಿರ. ಡ್ಯೂಟಿಯಲ್ಲಿ ಊಟ ಹೋಟೆಲಿನದೇ, ಆದರೆ ರೂಮು ಬಾಡಿಗೆ, ಪೆಟ್ರೋಲು ಯಾರು ಕೊಡುತ್ತಾರೆ? 18 ಸಾವಿರದಲ್ಲಿ 13,700 ಕಂತು ಕಟ್ಟಿದರೆ ಉಳಿದದ್ದರಲ್ಲಿ ಪಿಜಿ ಕೂಡ ಸಿಗುವುದಿಲ್ಲ. ಅಂದರೆ ಮೊದಲ ಮೂರು ನಾಲ್ಕು ವರ್ಷ ಕಂತು ಕಟ್ಟುವುದು ನೀವು ಅಥವಾ ಅಪ್ಪ. ಎಂಟೂವರೆ ಲಕ್ಷದ ಲೆಕ್ಕದಲ್ಲಿ ಇದನ್ನು ಯಾರೂ ಬರೆಯುವುದಿಲ್ಲ.

ಕಿಚನ್‌ನಲ್ಲಿ ಕೆಳಗಿನ ಮೆಟ್ಟಿಲು ಕಾಮಿ, ಅಂದರೆ ಸಹಾಯಕ ಅಡುಗೆಯವನು. ಕಾಮಿ 3, 2, 1, ಆಮೇಲೆ ಡೆಮಿ, ಆಮೇಲೆ ಸಿಡಿಪಿ, ಅಂದರೆ ಕಿಚನ್‌ನ ಒಂದು ವಿಭಾಗ ನೋಡಿಕೊಳ್ಳುವ ಷೆಫ್. ಸಿಡಿಪಿ ಆಗಲು ನನಗೆ ಆರು ವರ್ಷ ಹಿಡಿಯಿತು. ಆವತ್ತಿನಿಂದ ಉಸಿರಾಡಿದೆ. ಹಾಗಂತ ಓದು ದಂಡ ಅಂತ ಹೇಳುತ್ತಿಲ್ಲ. ದೊಡ್ಡ ಹೋಟೆಲ್‌ಗಳು ಡಿಗ್ರಿಯವರಿಗೆ ಕಿಚನ್ ಟ್ರೈನಿ ಪ್ರೋಗ್ರಾಂ ಇಟ್ಟಿರುತ್ತವೆ. ಅದಕ್ಕೆ ಆಯ್ಕೆಯಾದವರು ಕಾಮಿ ಮೆಟ್ಟಿಲೆಲ್ಲ ಹಾರಿ ಬರುತ್ತಾರೆ. ಆದರೆ ನನ್ನ ಬ್ಯಾಚಲ್ಲಿ ಅರವತ್ತು ಜನರಲ್ಲಿ ಆಯ್ಕೆಯಾದವರು ಇಬ್ಬರೇ. ನಾನು ಆ ಇಬ್ಬರಲ್ಲಿ ಇರಲಿಲ್ಲ.

ಅದಕ್ಕೇ ಹೇಳುವುದು, ಅದೇ ಡಿಗ್ರಿಗೆ ಕಡಿಮೆ ದುಡ್ಡು ಕೊಡುವ ದಾರಿ ನೋಡಿ. ಬೆಂಗಳೂರಿನ ಶೇಷಾದ್ರಿ ರಸ್ತೆಯಲ್ಲಿ ಸರ್ಕಾರದ ಹೋಟೆಲ್ ಮ್ಯಾನೇಜ್‌ಮೆಂಟ್ ಕಾಲೇಜು ಐಎಚ್‌ಎಂ ಇದೆ. ಎನ್‌ಸಿಎಚ್‌ಎಂ ಜೆಇಇ ಅನ್ನುವ ಪ್ರವೇಶ ಪರೀಕ್ಷೆ ಬರೆದು ಸೇರಬೇಕು, ಡಿಗ್ರಿ ದೆಹಲಿಯ ಜೆಎನ್‌ಯು ವಿಶ್ವವಿದ್ಯಾಲಯದ್ದು. ಅಲ್ಲೇ ಒಂದೂವರೆ ವರ್ಷದ ಫುಡ್ ಪ್ರೊಡಕ್ಷನ್ ಡಿಪ್ಲೊಮಾ ಇರುತ್ತದಾ ವಿಚಾರಿಸಿ. ಒಂದು ವರ್ಷ ಕ್ಲಾಸು, ಉಳಿದದ್ದು ಹೋಟೆಲಲ್ಲಿ ಟ್ರೈನಿಂಗ್. ಖಾಸಗಿಗೇ ಹೋಗುವುದಾದರೆ ಪ್ಲೇಸ್‌ಮೆಂಟ್ ಕೇಳಬೇಡಿ. ಹೋದ ವರ್ಷದ ಹುಡುಗರು ಇಂಡಸ್ಟ್ರಿಯಲ್ ಟ್ರೈನಿಂಗಿಗೆ ಯಾವ ಹೋಟೆಲಿಗೆ ಹೋದರು ಅಂತ ಕೇಳಿ, ಮೂರು ಜನರ ನಂಬರ್ ತೆಗೆದುಕೊಳ್ಳಿ. ಟ್ರೈನಿಂಗ್ ಎಲ್ಲಿ ಆಯಿತೋ ಮೊದಲ ಕೆಲಸ ಹೆಚ್ಚಾಗಿ ಅಲ್ಲೇ ಆಗುತ್ತದೆ. ನಂಬರ್ ಕೊಡದಿದ್ದರೆ ಗೊತ್ತಾಯಿತಲ್ಲ.

ಕುಂದಾಪ್ರದ_ಗಲ್ಲಾ:
ನಮ್ಮದು ಬೆಂಗಳೂರಲ್ಲಿ ಸಣ್ಣ ದರ್ಶಿನಿ. ದೋಸೆ ಹಾಕುವ ನಮ್ಮ ಭಟ್ಟರಿಗೆ ತಿಂಗಳಿಗೆ 27,000, ಊಟ ತಿಂಡಿ ರೂಮು ನಮ್ಮದೇ. ಹದಿನೆಂಟನೇ ವಯಸ್ಸಿಗೆ ತಟ್ಟೆ ತೊಳೆಯಲು ಬಂದವರು, ಕೈಯಲ್ಲಿ ಒಂದು ಸರ್ಟಿಫಿಕೇಟ್ ಇಲ್ಲ. ಕಾವಲಿಗೆ ನೀರು ಚಿಮುಕಿಸಿ, ಸದ್ದು ಕೇಳಿಯೇ ಕಾವು ಎಷ್ಟಿದೆ ಅಂತ ಹೇಳುತ್ತಾರೆ. ಮೇಲಿನವರು ಹೇಳಿದ ಕಾಮಿ ಹುಡುಗನಿಗಿಂತ ಜಾಸ್ತಿಯೇ ಆಯಿತು, ಸಾಲದ ಕಂತೂ ಇಲ್ಲ.

ಆದರೆ ಸತ್ಯ ಹೇಳಬೇಕು ಅಲ್ವಾ, ಆ 27 ಸಾವಿರ ಮುಂದೆ ಹೋಗುವುದಿಲ್ಲ. ಹಬ್ಬಕ್ಕೆ ಸಾವಿರ ಎರಡು ಸಾವಿರ ಏರಿಸುತ್ತೇವೆ, ಅಷ್ಟೆ. ಐವತ್ತು ದಾಟಿದ ಮೇಲೆ ಮೊಣಕಾಲು ಹಿಡಿದುಕೊಂಡರೆ ಬೇರೆ ಕೆಲಸ ಏನಿದೆ ಅವರಿಗೆ? ಹೋಟೆಲ್ ಮ್ಯಾನೇಜ್‌ಮೆಂಟ್ ಮಾಡಿದ ಹುಡುಗರು ನಮ್ಮಲ್ಲಿಗೂ ಇಬ್ಬರು ಬಂದಿದ್ದರು. ಒಬ್ಬ ಎರಡೇ ವಾರಕ್ಕೆ ಓಡಿಹೋದ. ಇನ್ನೊಬ್ಬ ಬಂದವನೇ ಒಂದು ವಾರ ಪ್ರತಿದಿನ ರಾತ್ರಿ ಚೆಲ್ಲುವ ಚಟ್ನಿಯನ್ನು ತೂಕ ಹಾಕಿ ಚೀಟಿ ಬರೆದಿಟ್ಟ. ತಿಂಗಳಿಗೆ ಎಷ್ಟು ತೆಂಗಿನಕಾಯಿ ಚರಂಡಿಗೆ ಹೋಗುತ್ತಿದೆ ಅಂತ ಲೆಕ್ಕ ತೋರಿಸಿದಾಗ ನಮ್ಮ ಅಪ್ಪ ಒಂದು ಗಂಟೆ ಮಾತೇ ಆಡಲಿಲ್ಲ. ಇಪ್ಪತ್ತೆರಡು ವರ್ಷ ಗಲ್ಲಾದಲ್ಲಿ ಕೂತವರು. ಆ ಕಾಸ್ಟಿಂಗ್ ಕಲಿಯಲು ಕಾಲೇಜು ಬೇಕಿತ್ತು ಅನ್ನಿಸುತ್ತದೆ, ನಮಗಂತೂ ಯಾರೂ ಹೇಳಿಕೊಟ್ಟಿರಲಿಲ್ಲ.

ದುಡ್ಡು ಕಟ್ಟುವ ಮೊದಲು ತಮ್ಮನನ್ನು ಯಾವುದಾದರೂ ಹೋಟೆಲಲ್ಲಿ ಎರಡು ತಿಂಗಳು ನಿಲ್ಲಿಸಿ. ಮನೇಲಿ ಹತ್ತು ಜನಕ್ಕೆ ಹೋಳಿಗೆ ತಟ್ಟುವುದು ಬೇರೆ, ಭಾನುವಾರ ಬೆಳಿಗ್ಗೆ ಎಂಟರಿಂದ ಹನ್ನೊಂದರವರೆಗೆ ಕಾವಲಿ ಮುಂದೆ ನಿಲ್ಲುವುದು ಬೇರೆ. ಬೇಕಾದರೆ ನಮ್ಮಲ್ಲಿಗೇ ಕಳಿಸಿ. ಬೆಳಿಗ್ಗೆ ನಾಲ್ಕೂವರೆಗೆ ಬರಬೇಕು.

ಬನ್_ಬೆಣ್ಣೆ:
ಬೇಕರಿ ಕಡೆ ಮನಸ್ಸಿದ್ದರೆ ಹೆಬ್ಬಾಳದ ಕೃಷಿ ವಿಶ್ವವಿದ್ಯಾಲಯದ ಬೇಕರಿ ತರಬೇತಿ ಘಟಕ ನೋಡಿ. ಕೆಲವು ವಾರಗಳ ಸಣ್ಣ ಕೋರ್ಸುಗಳು, ಲಕ್ಷಗಟ್ಟಲೆ ಫೀಸಿಲ್ಲ. ನಾನು ಅಲ್ಲಿ ಕಲಿತು ಮನೆಯಿಂದಲೇ ಕೇಕು, ಬನ್ನು ಮಾಡುತ್ತೇನೆ. ಹಾಕಿದ ದುಡ್ಡು ಮೊದಲ ಡಿಸೆಂಬರಲ್ಲೇ ವಾಪಸ್ ಬಂತು, ಕ್ರಿಸ್‌ಮಸ್ ಪ್ಲಮ್ ಕೇಕಿನ ಪುಣ್ಯ. ಮಾರ್ಚ್ ಬಂದರೆ ಆರ್ಡರೇ ಇರುವುದಿಲ್ಲ, ಅದೂ ಗೊತ್ತಿರಲಿ.

ದೋಹಾದಿಂದ:
ಹೊರದೇಶಕ್ಕೆ ಹೋದರೆ ಸಾಲ ಬೇಗ ತೀರುತ್ತದೆ, ಇದು ನಿಜ. ಮೇಲಿನವರ ಲೆಕ್ಕದ 8 ಲಕ್ಷದಷ್ಟೇ ಸಾಲ ನನಗೂ ಇತ್ತು, ಇಲ್ಲಿ ಬಂದು ಮೂರು ವರ್ಷಕ್ಕೆ ಮುಗಿಸಿದೆ. ರೂಮು, ಊಟ, ಬಸ್ಸು ಕಂಪನಿಯದು, ಖರ್ಚು ಮಾಡಲು ಟೈಮೇ ಸಿಗುವುದಿಲ್ಲ. ಆದರೆ ಬರೀ ಸರ್ಟಿಫಿಕೇಟ್ ಹಿಡಿದು ಬರಬೇಡ ಅಂತ ಹೇಳಿ. ಊರಲ್ಲಿ ಎರಡು ಮೂರು ವರ್ಷ ಒಳ್ಳೇ ಕಿಚನ್ ಅನುಭವ ಇದ್ದರೇ ಇಲ್ಲಿ ಬೆಲೆ.

ಇನ್ನು ಏಜೆಂಟರು. ನನ್ನ ಹತ್ತಿರ ಒಬ್ಬ 1.6 ಲಕ್ಷ ತೆಗೆದುಕೊಂಡು ನಾಲ್ಕು ತಿಂಗಳು ಆಟ ಆಡಿಸಿದ, ಅರ್ಧ ಕೂಡ ವಾಪಸ್ ಬರಲಿಲ್ಲ. ಆಮೇಲೆ ಗೊತ್ತಾಯಿತು, ಸರ್ಕಾರದಲ್ಲಿ ನೋಂದಾಯಿಸಿದ ಏಜೆಂಟ್ ಕೂಡ 30,000 ಮತ್ತು ಅದರ ಮೇಲಿನ ಜಿಎಸ್‌ಟಿ ಬಿಟ್ಟು ಒಂದು ಪೈಸೆ ಜಾಸ್ತಿ ಕೇಳುವಂತಿಲ್ಲ. ಸರ್ಕಾರದ ಇ-ಮೈಗ್ರೇಟ್ ವೆಬ್‌ಸೈಟಲ್ಲಿ ಏಜೆಂಟ್ ಹೆಸರು ಹುಡುಕಬಹುದು. ಕ್ರೂಸ್ ಹಡಗಿಗೆ ಕಳಿಸುತ್ತೇನೆ ಅಂದರೆ ನಿಯಮ ಇನ್ನೂ ಬಿಗಿ, ಕೆಲಸ ಕೊಡಿಸಲು ಹುಡುಗರ ಹತ್ತಿರ ಫೀಸೇ ತೆಗೆದುಕೊಳ್ಳುವಂತಿಲ್ಲ. ಹಡಗಲ್ಲಿ ಕಾಂಟ್ರಾಕ್ಟ್ ಮುಗಿದು ಮನೆಗೆ ಬಂದಾಗ ಸಂಬಳ ನಿಂತುಹೋಗುತ್ತದೆ, ಆದರೆ ಕಂತು ನಿಲ್ಲುವುದಿಲ್ಲ.

ತಿಪಟೂರಿನಕ್ಕ:
ಎಲ್ಲರಿಗೂ ಥ್ಯಾಂಕ್ಸ್. ಕಾಲೇಜಿಗೆ ಫೋನ್ ಮಾಡಿ ಮೂರು ನಂಬರ್ ಕೇಳಿದೆ. "ಪ್ರೈವೆಸಿ ಮೇಡಂ" ಅಂದರು. ಆಮೇಲೆ ದಿನಕ್ಕೆರಡು ಸಲ ಅವರೇ ಫೋನ್ ಮಾಡಿ, ಸೀಟು ಒಂದೇ ಉಳಿದಿದೆ ಅಂತಾರೆ. ಒಂದು ವಾರದಿಂದ ಅದೊಂದೇ ಉಳಿದಿದೆ.

@ಕುಂದಾಪ್ರದ_ಗಲ್ಲಾ, ನಿಜವಾಗಿ ಕಳಿಸಬಹುದಾ ಸರ್? ಅವನು ಬರುತ್ತೇನೆ ಅಂತಿದ್ದಾನೆ.

ಕುಂದಾಪ್ರದ_ಗಲ್ಲಾ:
ಸೋಮವಾರ ಕಳಿಸಿ. ಉಗುರು ಕತ್ತರಿಸಿಕೊಂಡು ಬರಲಿ. ದಿನಗೂಲಿ ಕೊಡುತ್ತೇನೆ, ಪುಕ್ಕಟೆ ದುಡಿಸುವುದಿಲ್ಲ.

ತಿಪಟೂರಿನಕ್ಕ:
ಹದಿನೆಂಟು ದಿನ ಆಯಿತು, ಇಲ್ಲಿ ಬರೆದು ಹೋಗೋಣ ಅಂತ ಬಂದೆ. ಮೊದಲ ದಿನ ಐದೂಕಾಲಿಗೆ ಹೋಗಿ ಬೈಸಿಕೊಂಡ. ಈಗ ನನ್ನನ್ನು ಎಬ್ಬಿಸದೆ ಹೋಗುತ್ತಾನೆ. ಇನ್ನೂ ಕಾವಲಿ ಹತ್ತಿರ ಬಿಟ್ಟಿಲ್ಲವಂತೆ, ಈರುಳ್ಳಿ ಹೆಚ್ಚುವುದು, ಅಕ್ಕಿ ತೊಳೆಯುವುದು, ರುಬ್ಬುವ ಮಷೀನ್ ತೊಳೆಯುವುದು. ಮಣಿಕಟ್ಟಿನ ಮೇಲೆ ಒಂದು ಸುಟ್ಟ ಗಾಯ ಮಾಡಿಕೊಂಡಿದ್ದಾನೆ. ಅಮ್ಮನಿಗೆ ವೀಡಿಯೋ ಕಾಲ್ ಮಾಡುವಾಗ ಆ ಕೈ ಕೆಳಗಿಟ್ಟುಕೊಳ್ಳುತ್ತಾನೆ. ಈ ವರ್ಷದ ಜೆಇಇ ತಪ್ಪಿಹೋಗಿದೆ. ಡಿಪ್ಲೊಮಾ ವಿಚಾರಿಸಲು ನಾಳೆ ರಜೆ ಹಾಕಿ ಇಬ್ಬರೂ ಶೇಷಾದ್ರಿ ರಸ್ತೆಗೆ ಹೋಗುತ್ತಿದ್ದೇವೆ. ಕೊಬ್ಬರಿ ಇಳಿಸಬೇಡಿ ಅಂತ ಅಪ್ಪನಿಗೆ ಹೇಳಿದ್ದೇನೆ.