ಜಾಜ್ ಡ್ರಮ್ಸ್ ಕಲಿಯಬೇಕಾದರೆ ಮೃದಂಗ ಬಿಡಬೇಕಾ?

ಲಯಪ್ರಿಯ
ನಮಸ್ಕಾರ. ಚಿಕ್ಕಂದಿನಿಂದ ಮೃದಂಗ ಕಲಿತಿದ್ದೇನೆ, ಈಗ ಕಾಲೇಜು ಬ್ಯಾಂಡಿನಲ್ಲಿ ಡ್ರಮ್ಸ್ ನುಡಿಸುತ್ತೇನೆ. ಮೊನ್ನೆ ತ್ರಿಲೋಕ್ ಗುರ್ಟು ಅವರ ಹಳೇ ವಿಡಿಯೊ ನೋಡಿದೆ, ಜಾನ್ ಮೆಕ್‌ಲಾಕ್ಲಿನ್ ಗಿಟಾರ್ ಜೊತೆಗಿನದು. ನೆಲದ ಮೇಲೆ ಅರ್ಧ ಮಂಡಿಯೂರಿ ತಬಲಾ, ಸ್ನೇರ್, ಸಿಂಬಲ್ ಎಲ್ಲ ಒಟ್ಟಿಗೆ ನುಡಿಸುತ್ತಾರೆ, ಮಧ್ಯೆ ಸಿಂಬಲ್ಲನ್ನು ಬಕೆಟ್ ನೀರಿಗೆ ಅದ್ದುತ್ತಾರೆ! ಮುಂಬೈಯಲ್ಲಿ ತಬಲಾ ಕಲಿತವರು ಜಾಜ್‌ನಲ್ಲಿ ಇಷ್ಟು ಬೆಳೆದದ್ದು ಹೇಗೆ? ನನಗಂತೂ ಒಬ್ಬರು, ಮೃದಂಗದ ಕೈ ಇದ್ದರೆ ಜಾಜ್ ಬರೋದಿಲ್ಲ, ಬಿಟ್ಟುಬಿಡು ಅಂದರು.

ಬೆಳಗಾವಿ ರೇಡಿಯೊ
ಬಿಡಲೇಬೇಡಿ. ಗುರ್ಟು 1951ರಲ್ಲಿ ಮುಂಬೈಯಲ್ಲಿ ಹುಟ್ಟಿದರು. ತಾಯಿ ಠುಮ್ರಿ ಗಾಯಕಿ ಶೋಭಾ ಗುರ್ಟು, ಅವರು ಹುಟ್ಟಿದ್ದು ನಮ್ಮ ಬೆಳಗಾವಿಯಲ್ಲಿ. ಮನೆ ತುಂಬ ಹಾಡು, ಶಾ ಅಬ್ದುಲ್ ಕರೀಂ ಅವರ ಹತ್ತಿರ ತಬಲಾ ಪಾಠ. ಡ್ರಮ್ಸ್ ಬಂದಿದ್ದು ಆಮೇಲೆ. ಸ್ಟುಡಿಯೊದಲ್ಲಿ ಒಂದರ ಮೇಲೊಂದು ಟ್ರ್ಯಾಕ್ ಸೇರಿಸುತ್ತಾರೆ ಅನ್ನೋದು ಆಗ ಅವರಿಗೆ ಗೊತ್ತೇ ಇರಲಿಲ್ಲವಂತೆ, ರೆಕಾರ್ಡಿನಲ್ಲಿ ಕೇಳಿದ್ದನ್ನೆಲ್ಲ ಒಬ್ಬರೇ ನುಡಿಸಲು ಹೊರಟರು. ಆ ವಿಚಿತ್ರ ಕಿಟ್ಟಿನ ಬೇರು ಅಲ್ಲೇ ಇದೆ ಅಂತ ನನಗನ್ನಿಸುತ್ತದೆ.

70ರ ದಶಕದಲ್ಲಿ ಟ್ರಂಪೆಟ್‌ನ ಡಾನ್ ಚೆರ್ರಿ, ಸ್ಯಾಕ್ಸೊಫೋನ್‌ನ ಚಾರ್ಲಿ ಮರಿಯಾನೊ ಅಂಥ ಜಾಜ್‌ನವರ ಜೊತೆ ನುಡಿಸಿದರು. 1984ರಲ್ಲಿ ಅಮೆರಿಕದ ಜಾಜ್ ತಂಡ ಆರೆಗಾನ್‌ನ ಕಾಲಿನ್ ವಾಲ್ಕಾಟ್ ಪೂರ್ವ ಜರ್ಮನಿಯಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡರು. ಅಮೆರಿಕದವರಾದರೂ ಸಿತಾರ್, ತಬಲಾ ಎರಡೂ ನುಡಿಸುತ್ತಿದ್ದ ಮನುಷ್ಯ. ಆ ಜಾಗಕ್ಕೆ ಬಂದವರು ಗುರ್ಟು. ಒಳ್ಳೆಯ ಜಾಜ್ ಡ್ರಮ್ಮರ್‌ಗಳು ಯುರೋಪಿನಲ್ಲಿ ಬೇಕಾದಷ್ಟು ಜನ ಇದ್ದರು, ತಬಲಾವನ್ನು ಗುರುವಿನ ಮುಂದೆ ಕೂತು ಕಲಿತವರು ಎಷ್ಟು ಮಂದಿ ಸಿಗುತ್ತಿದ್ದರು ಹೇಳಿ? ಮೆಕ್‌ಲಾಕ್ಲಿನ್ ಟ್ರಿಯೊ ಅದಾದ ಮೇಲಿನದು. 1988ರ ಸ್ವಂತ ಆಲ್ಬಂ ‘ಉಸ್ಫ್ರೆಟ್’ನಲ್ಲಿ ಅಮ್ಮನನ್ನೇ ಹಾಡಿಸಿದ್ದಾರೆ, ಡಾನ್ ಚೆರ್ರಿ ಟ್ರಂಪೆಟ್ ಕೂಡ ಇದೆ. ಮೊದಲು ಅದನ್ನು ಕೇಳಿ.

ಮೃದಂಗ ಮೇಷ್ಟ್ರು
ಮೇಲಿನ ಮಾತು ಸರಿ. ಆದರೆ ಮೃದಂಗ ಬಂದರೆ ಜಾಜ್ ತಾನಾಗಿ ಬರುತ್ತದೆ ಅಂದುಕೊಳ್ಳಬೇಡಿ ತಮ್ಮಾ. ಹಳೇ ಜಾಜ್ ಹಾಡುಗಳಲ್ಲಿ 32 ಬಾರ್‌ನವು ಜಾಸ್ತಿ. ಬಾರ್ ಅಂದರೆ ಎಣಿಕೆಗಳ ಒಂದು ಸಣ್ಣ ಗುಂಪು. ಬಾರಿಗೆ 4 ಎಣಿಕೆ, ಅಂದರೆ 8 ಎಣಿಕೆಯ ಆದಿತಾಳದ 16 ಆವರ್ತ (ಸುತ್ತು). ಲೆಕ್ಕ ನಮಗೆ ಸುಲಭ, ಆದರೆ ಸೋಲೊ ನುಡಿಸುವಾಗಲೂ ಹಾಡಿನ ಧಾಟಿ ತಲೆಯಲ್ಲಿ ಓಡುತ್ತಿರಬೇಕು, ಸುಮ್ನೆ ಆವರ್ತ ಎಣಿಸುತ್ತಾ ಕೂತರೆ ಬೇರೆಯವರಿಗೆ ನೀವು ಎಲ್ಲಿದ್ದೀರಿ ಅಂತ ಕೇಳಿಸೋದಿಲ್ಲ. ಇನ್ನೊಂದು, ಅವರಲ್ಲಿ ಸ್ಯಾಕ್ಸೊಫೋನ್ 4 ಬಾರ್, ಡ್ರಮ್ಸ್ 4 ಬಾರ್ ಅಂತ ಸರದಿ ಮೇಲೆ ನುಡಿಸುತ್ತಾರೆ. ನಮ್ಮ ತನಿಯಲ್ಲಿ (ಕಛೇರಿಯಲ್ಲಿ ತಾಳವಾದ್ಯಗಳಷ್ಟೇ ನುಡಿಯುವ ಭಾಗ) ವಾದ್ಯದವರು ಸರದಿ ಮೇಲೆ ನುಡಿಸುವ ಕೊರಪು ಥರ ಕಾಣುತ್ತದೆ, ಅಲ್ವಾ? ಆದರೆ ಕೊರಪಿನಲ್ಲಿ ಅಳತೆ ಇಳಿಯುತ್ತಾ ಹೋಗುತ್ತದೆ, ಅಲ್ಲಿ ಸಾಮಾನ್ಯವಾಗಿ 4 ಅಂದರೆ 4ರಲ್ಲೇ ನಿಲ್ಲುತ್ತದೆ. ಪ್ರತಿ ಸರದಿಗೂ ಮುಕ್ತಾಯ ಇಡಲು ಹೋಗಬೇಡಿ, ಮುಂದಿನವರಿಗೆ ಜಾಗ ಬಿಡಿ. ನಮ್ಮ ಹುಡುಗರು ತಪ್ಪುವುದೇ ಇಲ್ಲಿ.

ಬಸವನಗುಡಿ ಬೀಟ್
ಉಲ್ಟಾ ದಾರಿಯಲ್ಲಿ ಬಂದವರೂ ಇದ್ದಾರೆ. ರಮೇಶ್ ಶೋಥಮ್ ಮದರಾಸಿನವರು, ರಾಕ್ ಬ್ಯಾಂಡಿನಲ್ಲಿ ಡ್ರಮ್ಸ್ ನುಡಿಸುತ್ತಿದ್ದವರು. ಆಮೇಲೆ ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್‌ಗೆ ಬಂದು ತವಿಲ್ (ನಾಗಸ್ವರದ ಜೊತೆ ನುಡಿಸುವ ಡೋಲು) ಕಲಿತರು, ಮುಂದೆ ಜರ್ಮನಿಗೆ ಹೋಗಿ ಜಾಜ್‌ನವರ ಜೊತೆ ಬದುಕು ಕಟ್ಟಿಕೊಂಡರು. ಅದೇ ಕಾಲೇಜಿನ ಟಿ.ಎ.ಎಸ್. ಮಣಿ, ಆರ್.ಎ. ರಮಾಮಣಿ 1983ರಲ್ಲಿ ಚಾರ್ಲಿ ಮರಿಯಾನೊ ಜೊತೆ ಆಲ್ಬಂ ಮಾಡಿದ್ದಾರೆ. ಡ್ರಮ್ಸ್ ಗೊತ್ತಿದ್ದವರು ತವಿಲ್ ಕಲಿಯಲು ಬಂದರು, ನಿಮಗೆ ಮೃದಂಗ ಬಿಡಿ ಅಂತಾರಲ್ಲ, ನನಗೆ ಸಿಟ್ಟು ಬರುತ್ತದೆ.

ಲಯಪ್ರಿಯ
ತುಂಬಾ ಥ್ಯಾಂಕ್ಸ್. ಮೇಷ್ಟ್ರೇ, ಆ 32 ಬಾರ್ ಅಭ್ಯಾಸ ಯಾವ ವೇಗದಲ್ಲಿ ಶುರು ಮಾಡಲಿ?

ಮೃದಂಗ ಮೇಷ್ಟ್ರು
ನಿಧಾನ. ಮೊದಲ ವಾರ ಡ್ರಮ್ಸ್ ಮುಟ್ಟಬೇಡಿ. ಕೈಯಲ್ಲಿ ತಾಳ ಹಾಕುತ್ತಾ ಹಾಡಿನ ಧಾಟಿ ಹಾಡಿ, ಆಮೇಲೆ ಅದರ ಮೇಲೆ ಸೊಲ್ಲು (ಮೃದಂಗದ ಬಡಿತಗಳನ್ನು ಬಾಯಲ್ಲಿ ಹೇಳುವುದು) ಹೇಳಿ. ಎರಡೂ ತಪ್ಪದೆ ಬಂದ ಮೇಲೆ ಕೋಲು ಹಿಡಿಯಿರಿ.